ಲಗೂನ ವೀರ್ಯ ಹೋಗಿಬಿಡತೈತಿ (ಶೀಘ್ರಸ್ಖಲನ) ಅನ್ನಾವ್ರಿಗೆ: ಸ್ಪ್ರೇ, ಗುಳಿಗಿ, ವ್ಯಾಯಾಮ, ಕೌನ್ಸೆಲಿಂಗ್, ಯಾರಿಗೆ ಯಾವುದು ಸರಿ

ಹುಬ್ಬಳ್ಳ್ಯಾಗ ನಂದೊಂದು ಸಣ್ಣ ಮೆಡಿಕಲ್ ಶಾಪ್ ಐತಿ, ಕೌಂಟರ್ ಹಿಂದ ನಿಂತು ಹನ್ನೆರಡು ವರ್ಷ ಆತು. ರಾತ್ರಿ ಒಂಬತ್ತೂವರಿ ಆದಮ್ಯಾಲೆ ಅರ್ಧ ಶಟರ್ ಎಳದಿರ್ತೀನಿ, ಆವಾಗ ಬರೋ ಗಿರಾಕಿ ಒಂದ ನಮೂನಿ ಇರ್ತಾರ. ಮೊದ್ಲ ಎದುರಿನ ಪಾನ್ ಅಂಗಡಿ ಕಡೆ ನಿಂತು ನೋಡ್ತಾರ, ಒಳಗ ಹೆಣ್ಮಕ್ಳು ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಬಂದು ಒಂದು ಕೆಮ್ಮಿನ ಔಷಧಾನೋ ತಲಿನೋವಿನ ಗುಳಿಗೀನೋ ಕೇಳ್ತಾರ, ರೊಕ್ಕಾ ಕೊಡೂ ಹೊತ್ತಿಗೆ ದನಿ ಸಣ್ಣದ ಮಾಡಿ "ಅಣ್ಣಾರ, ಆ ಟೈಮಿಂಗ್ ಗುಳಿಗಿ ಐತೇನ್ರಿ, ಯಾವುದು ಛಲೋ ಐತಿ ಅದನ್ನ ಕೊಡ್ರಿ" ಅಂತಾರ. ಹೋದ ತಿಂಗಳ ಬಂದಿದ್ದ ಒಬ್ಬ ಹುಡುಗ ಮಾತಾಡೂ ಅಷ್ಟೂ ಹೊತ್ತು ಕೈಯಾಗಿನ ಬಸ್ ಟಿಕೀಟು ಮಡಚಿ ಮಡಚಿ ಕಡ್ಡಿ ಗಾತ್ರ ಮಾಡಿಟ್ಟಿದ್ದ, ಮುಖ ಮಾತ್ರ ಎತ್ತಲಿಲ್ಲ.

ಅವಂಗ ನಾ ಕೇಳಿದ್ದು ಒಂದ ಮಾತು. "ತಮ್ಮಾ, ಇದು ಮೊದಲಿಂದಾನೂ ಹಿಂಗೈತೋ, ಇಲ್ಲಾ ನಡುವ ಶುರು ಆತೋ?"

ಭಾಳ ಮಂದಿಗೆ ಈ ಪ್ರಶ್ನೆ ಯಾರೂ ಕೇಳಿರಂಗಿಲ್ಲ. ಗುಳಿಗಿ ಕೊಟ್ಟಿರ್ತಾರ, ಪುಡಿ ಕೊಟ್ಟಿರ್ತಾರ, ಲೇಹ್ಯ ಕೊಟ್ಟಿರ್ತಾರ, ಇದನ್ನ ಮಾತ್ರ ಕೇಳಿರಂಗಿಲ್ಲ. ಆದ್ರ ಯಾವ ಉಪಾಯ ಯಾರಿಗೆ ಸರಿ ಅನ್ನೂದು ನಿಂತಿರೂದ ಇದರ ಮ್ಯಾಲೆ. ನಾ ಡಾಕ್ಟರ್ ಅಲ್ಲ, ಫಾರ್ಮಸಿ ಓದಿದಾಂವ, ಔಷಧಾ ಹೆಂಗ ಕೆಲಸಾ ಮಾಡತೈತಿ ಅನ್ನೂದು ಗೊತ್ತೈತಿ, ತಪ್ಪು ಔಷಧಾ ತಗೊಂಡು ಮಂದಿ ಹೆಂಗ ಕಷ್ಟಾ ಪಡ್ತಾರ ಅನ್ನೂದನ್ನ ಕಣ್ಣಾರೆ ನೋಡೇನಿ. ಅದಕ್ಕ ಕೌಂಟರ್ ಮ್ಯಾಲೆ ಎರಡು ನಿಮಿಷದಾಗ ಹೇಳಾಕ ಆಗಲಾರದ್ದನ್ನ ಇಲ್ಲಿ ಪೂರ್ತಿ ಬರೀತೀನಿ.

ಮೊದ್ಲ, ಎಷ್ಟೊತ್ತಿಗೆ ಆದ್ರ ಲಗೂ ಅನ್ನೂದು? ಮೊಬೈಲ್‌ನ್ಯಾಗ ಬರೋ ವಿಡಿಯೋ ನೋಡಿ ಅರ್ಧ ತಾಸು ನಡೀಬೇಕು ಅಂತ ತಲ್ಯಾಗ ಕೂತಬಿಟ್ಟೈತಿ, ಅದು ಕ್ಯಾಮೆರಾದಾಂವ ತುಣುಕು ತುಣುಕು ಕತ್ತರಿಸಿ ಜೋಡಿಸಿದ್ದು, ಅದನ್ನ ನೋಡಿ ಅಳತಿ ಮಾಡ್ಕೋಬ್ಯಾಡ್ರಿ. 2005ರಾಗ ಐದು ದೇಶದ ಸುಮಾರು 500 ಜೋಡಿ ಮ್ಯಾಲೆ ಒಂದು ಅಧ್ಯಯನ ಆಗೇತಿ, ಹೆಂಗಸ್ರ ಕೈಯಾಗ ಸ್ಟಾಪ್‌ವಾಚ್ ಕೊಟ್ಟು, ಒಳಗ ಸೇರಿದಾಗಿಂದ ವೀರ್ಯ ಹೋಗೂತನಕ ಎಷ್ಟು ಟೈಮ್ ಅಂತ ಅಳದ್ರು. ನಟ್ಟನಡುವಿನ ಲೆಕ್ಕ ಬಂದದ್ದು 5.4 ನಿಮಿಷ. ಅರ್ಧ ನಿಮಿಷದಾವ್ರೂ ಇದ್ರು, 44 ನಿಮಿಷದಾವ್ರೂ ಇದ್ರು, ಅರ್ಧದಷ್ಟು ಮಂದಿ ಮಾತ್ರ ಆ ಐದು ಚಿಲ್ರೆ ನಿಮಿಷದ ಒಳಗ ಇದ್ರು. ಹಂಗಾಗಿ ನಾಕೈದು ನಿಮಿಷ ನಡಿಯಾಂವ "ನನಗ ರೋಗ ಐತಿ" ಅಂತ ಗುಳಿಗಿ ಕೇಳಿದ್ರ ನಾ ಕೊಡಂಗಿಲ್ಲ, ಕೂಡಿಸಿ ಈ ಲೆಕ್ಕಾ ಹೇಳಿ ಕಳಸ್ತೀನಿ, ಎಷ್ಟೋ ಮಂದಿಗೆ ಅಷ್ಟ ಸಾಕಾಗೇತಿ.

ಡಾಕ್ಟರು ಶೀಘ್ರಸ್ಖಲನ ಅಂತ ಕರಿಯೂದು ಮೂರು ಸಂಗತಿ ಕೂಡಿದಾಗ. ಟೈಮ್ ಭಾಳ ಕಡಿಮಿ ಇರಬೇಕು, ತಡಿಯಾಕ ಕೈಲೆ ಆಗಬಾರದು, ಮತ್ತ ಅದರಿಂದ ನಿಮಗ ಇಲ್ಲಾ ನಿಮ್ಮ ಮನಿಯಾಕಿಗೆ ಬ್ಯಾಸರಾ, ಸಂಕಟ, ದೂರ ಸರಿಯೂದು ಆಗತಿರಬೇಕು. ಟೈಮ್ ಕಡಿಮಿ ಇದ್ರೂ ಇಬ್ಬರೂ ಖುಷಿಲೆ ಅದಾರ ಅಂದ್ರ ಅದು ರೋಗ ಅಲ್ಲ, ಬಿಟ್ಟಬಿಡ್ರಿ.

ಇನ್ನ ನಮೂನಿ ನಾಕು ಅದಾವು.

ಒಂದನೇದು ಹುಟ್ಟಾ ಇದ್ದದ್ದು. ಮೊದಲ್ನೇ ಸಲದಿಂದ ಇವತ್ತಿನ ತನಕ, ಹೆಚ್ಚುಕಡಿಮಿ ಪ್ರತೀ ಸಲಾನೂ ಒಂದು ನಿಮಿಷದ ಒಳಗ, ಕೆಲವ್ರಿಗೆ ಸೇರೂಕಿಂತ ಮೊದ್ಲ. ಇದರಾಗ ಮನಸ್ಸಿನ ತಪ್ಪು ಭಾಳ ಇಲ್ಲ, ಮಿದುಳಿನ್ಯಾಗ ಸೆರೊಟೋನಿನ್ ಅನ್ನೋ ರಾಸಾಯನಿಕ ಕೆಲಸ ಮಾಡೂ ರೀತಿಗೆ ಸಂಬಂಧ ಐತಿ ಅಂತ ತಿಳಿದಾವ್ರು ಹೇಳ್ತಾರ, ಅದಕ್ಕ ಇವ್ರಿಗೆ "ಮನಸ್ಸು ಗಟ್ಟಿ ಮಾಡ್ಕೋ" ಅಂದ್ರ ಉಪಯೋಗ ಆಗಂಗಿಲ್ಲ. ಎರಡನೇದು ನಡುವ ಬಂದದ್ದು. ನಾಕು ವರ್ಷ ಛಲೋ ಇತ್ತು, ಈಗ ಆರು ತಿಂಗಳಿಂದ ಮೂರು ನಿಮಿಷಾನೂ ನಿಲ್ಲವಲ್ದು ಅನ್ನಾವ್ರು. ಇದರ ಹಿಂದ ಭಾಳ ಸಲ ಏನರ ಒಂದು ಕಾರಣ ಇರತೈತಿ. ಮೂರನೇದು ಒಮ್ಮೊಮ್ಮೆ ಆಗೂದು, ಗೋವಾದಾಗ ಕೆಲಸಾ ಮಾಡಿ ತಿಂಗಳಿಗೊಮ್ಮೆ ಹಾವೇರಿಗೆ ಬರೋ ಹುಡುಗನ ಥರಾ. ತಿಂಗಳಗಟ್ಲೆ ದೂರ ಇದ್ದು ಬಂದ ಮೊದಲ್ನೇ ರಾತ್ರಿ ಲಗೂನ ಆಗೂದು ದೇಹದ ಸಹಜ ಗುಣ, ಮರುದಿವ್ಸ ತಾನ ಸರಿ ಇರತೈತಿ. ನಾಕನೇದು ಟೈಮ್ ಸರೀನ ಐತಿ ಆದ್ರ ಕಡಿಮಿ ಅನಸತೈತಿ ಅನ್ನೂದು, ಮ್ಯಾಲೆ ಹೇಳಿದ ನಾಕೈದು ನಿಮಿಷದಾವ್ರು. ಮೂರು ಮತ್ತ ನಾಕನೇದಕ್ಕ ಗುಳಿಗಿ ಬ್ಯಾಡ, ತಿಳಿವಳಿಕೆ ಸಾಕು.

ನಡುವ ಬಂದಾವ್ರ ಬಗ್ಗೆ ನನಗ ಜಾಸ್ತಿ ಕಾಳಜಿ, ಯಾಕಂದ್ರ ಇವ್ರ ಟೈಮಿಂಗ್ ಗುಳಿಗಿ ನುಂಗಿ ಒಳಗಿನ ರೋಗಾ ಮುಚ್ಚಿಟ್ಕೊಂಡು ಕೂಡ್ತಾರ. ಥೈರಾಯ್ಡ್ ಜಾಸ್ತಿ ಆದ್ರ ಹಿಂಗಾಗತೈತಿ, ಎದಿ ಡವಡವ ಅಂತೈತಿ, ತೂಕಾ ಇಳೀತೈತಿ, ಕೈ ನಡಗ್ತಾವು, ಜೋಡಿಗೆ ಇದೂ ಶುರು ಆಗತೈತಿ, ಥೈರಾಯ್ಡಿಗೆ ಔಷಧಾ ತಗೊಂಡ್ರ ಭಾಳ ಮಂದೀದು ತಾನ ಸರಿಹೋಗತೈತಿ. ಪ್ರಾಸ್ಟೇಟ್ ಗ್ರಂಥಿಗೆ ಬಾವು ಬಂದ್ರ ಆಗತೈತಿ, ಆವಾಗ ಉಚ್ಚಿ ಹೊಯ್ಯೂಮುಂದ ಉರಿ, ಕೆಳಹೊಟ್ಟಿ ನೋವು ಇರಬಹುದು. ಎಲ್ಲಾದಕ್ಕಿಂತ ಹೆಚ್ಚು ನಾ ನೋಡಿದ್ದು ಗಟ್ಟಿತನದ ತ್ರಾಸು. ನಲವತ್ತು ದಾಟಿರ್ತೈತಿ, ಸಕ್ರಿ ಕಾಯಿಲೆ ಇರತೈತಿ, ಇಲ್ಲಾ ದಿನಾ ಹತ್ತು ಗುಟ್ಕಾ ಚೀಟಿ, ನಡುವ ಸಡಲ ಆಗತೈತಿ ಅನ್ನೋ ಅಂಜಿಕಿಗೆ ಅಂವ ಗಡಬಡಿಸಿ ಮುಗಸಾಕ ಹೋಗ್ತಾನ, ಅದ ರೂಢಿ ಆಗಿ ಲಗೂನ ಆಗತೈತಿ. ಅಂವ ಬಂದು ಕೇಳೂದು ಟೈಮಿಂಗ್ ಗುಳಿಗಿ, ಬೇಕಾದದ್ದು ಶುಗರ್ ಟೆಸ್ಟು. ಮೊದ್ಲ ಗಟ್ಟಿತನದ ಉಪಚಾರ, ಆಮ್ಯಾಲೆ ಟೈಮಿಂದು, ಡಾಕ್ಟರು ಹೋಗೂದೂ ಇದ ದಾರಿಲೆ.

ಮದುವಿ ಆದ ಹೊಸದಾಗ ನಮ್ಮ ಕಡೆ ಇನ್ನೊಂದು ಕಾರಣ ಐತಿ, ಅದನ್ನ ಯಾವ ಪುಸ್ತಕದಾಗೂ ದೊಡ್ಡದಾಗಿ ಬರಿಯಂಗಿಲ್ಲ. ಎರಡು ಖೋಲಿ ಮನಿ, ಪಡಸಾಲ್ಯಾಗ ಅವ್ವ ಅಪ್ಪ, ನಡುವ ಒಂದು ಪಡದೆ ಇಲ್ಲಾ ಸರಿಯಾಗಿ ಚಿಲಕ ಬೀಳಲಾರದ ಬಾಗಲಾ, ಮಂಚ ಕಿರ್ ಅಂದ್ರ ಹೊರಗ ಕೇಳತೈತಿ. ಆ ಗಡಿಬಿಡ್ಯಾಗ ಕಲತ ದೇಹ ಗಡಿಬಿಡೀನ ಕಲೀತೈತಿ. ಇಂಥಾವ್ರಿಗೆ ನಾ ಹೇಳೂದು, ಮೊದ್ಲ ಚಿಲಕ ರಿಪೇರಿ ಮಾಡಿಸ್ರಿ, ಹಾಸಗಿ ನೆಲದ ಮ್ಯಾಲೆ ಹಾಕ್ರಿ, ಎರಡು ದಿವ್ಸ ಎಲ್ಲೆರ ಇಬ್ಬರ ಹೋಗಿ ಬರ್ರಿ, ಗುಳಿಗಿ ಆಮ್ಯಾಲೆ ನೋಡೂಣಂತ.

ಈಗ ಉಪಾಯಗಳಿಗೆ ಬರೂಣ.

ರೊಕ್ಕಾ ಇಲ್ಲದ ಉಪಾಯ ಅಂದ್ರ ನಿಲ್ಲಿಸಿ ನಿಲ್ಲಿಸಿ ಮಾಡೂದು. 1956ರಾಗ ಜೇಮ್ಸ್ ಸೀಮನ್ಸ್ ಅನ್ನೋ ಅಮೆರಿಕಾದ ಡಾಕ್ಟರು ಬರದಿಟ್ಟದ್ದು. ಇನ್ನೇನು ಆಗತೈತಿ ಅನ್ನೋ ಹಂತದ ಸ್ವಲ್ಪ ಮೊದ್ಲ ಪೂರ್ತಿ ನಿಲ್ಲಿಸಬೇಕು, ಅರ್ಧ ನಿಮಿಷ ಉಸಿರು ನಿಧಾನ ಬಿಡಬೇಕು, ಆ ಒತ್ತರಾ ಇಳಿದಮ್ಯಾಲೆ ಮತ್ತ ಶುರು, ಹಿಂಗ ಮೂರು ಸಲ ನಿಲ್ಲಿಸಿ ನಾಕನೇ ಸಲಕ್ಕ ಬಿಡಬೇಕು. ಮೊದಲ್ನೇ ವಾರ ಒಬ್ಬರ ಕೈಲೆ, ಆಮ್ಯಾಲೆ ಹೆಂಡ್ತಿ ಕೈಲೆ, ಅದಾದಮ್ಯಾಲೆ ಕೂಡೂದ್ರೊಳಗ. ಎಲ್ಲಾರೂ ತಪ್ಪೂದು ಎಲ್ಲಿ ಅಂದ್ರ ಭಾಳ ತಡಾ ನಿಲ್ಲಿಸ್ತಾರ, ದಾಟಿದ ಮ್ಯಾಲೆ ಯಾರ ಕೈಯಾಗೂ ಇರಂಗಿಲ್ಲ, ಹತ್ತರಾಗ ಏಳಕ್ಕ ಬಂದೇತಿ ಅನ್ನೂಮುಂದ ನಿಲ್ಲಸ್ಬೇಕು, ಒಂಬತ್ತಕ್ಕ ಅಲ್ಲ. ಇದಕ್ಕ ಜೋಡಿ ಶಿಶ್ನದ ತುದಿಯ ಕೆಳಗ ಬೆರಳಲೆ ಕೆಲವು ಸೆಕೆಂಡ್ ಒತ್ತಿ ಹಿಡಿಯೂ ರೀತಿ ಐತಿ, 1970ರಾಗ ಮಾಸ್ಟರ್ಸ್ ಮತ್ತ ಜಾನ್ಸನ್ ಅನ್ನಾವ್ರು ಪ್ರಸಿದ್ಧಿಗೆ ತಂದದ್ದು, ಹೊಸಬರಿಗೆ ಕಷ್ಟ ಅನಸತೈತಿ, ನಾ ಮೊದಲ್ನೇದನ್ನ ಸಾಕು ಅಂತೀನಿ. ಈ ರೀತಿಗಳ ಗುಣ ಅಂದ್ರ ಅಡ್ಡಪರಿಣಾಮ ಇಲ್ಲ. ಕೊರತಿ ಅಂದ್ರ ಹೆಂಡ್ತಿ ಜೋಡಿ ಬೇಕ ಬೇಕು, ಆಕಿಗೆ ಹೇಳಲಾರದ ಇದು ನಡಿಯಂಗಿಲ್ಲ, ಮತ್ತ ಬಿಟ್ರ ಕೆಲವು ತಿಂಗಳಿಗೆ ಹಳೇದ ಮತ್ತ ಬರತೈತಿ.

ವ್ಯಾಯಾಮದ ಬಗ್ಗೆ ನಮ್ಮ ಮಂದಿಗೆ ನಂಬಿಕಿನ ಇಲ್ಲ, ನನಗ ಮಾತ್ರ ಭಾಳ ಐತಿ. ಗ್ಯಾಸ್ ತಡಿಯೂಮುಂದ ಕೆಳಗ ಯಾವ ಸ್ನಾಯು ಬಿಗೀತೀರಿ ನೋಡ್ರಿ, ಅದ. ಅದನ್ನ ಮೂರರಿಂದ ಐದು ಸೆಕೆಂಡ್ ಬಿಗಿದು, ಅಷ್ಟ ಹೊತ್ತು ಸಡಲ ಬಿಟ್ಟು, ಹತ್ತು ಸಲ, ದಿನಕ್ಕ ಮೂರು ಹೊತ್ತು. ಹೊಟ್ಟಿ ಒಳಗ ಎಳೀಬಾರದು, ಕುಂಡಿ ಬಿಗೀಬಾರದು, ಉಸಿರು ಹಿಡೀಬಾರದು. ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಯಿಂದ ಧಾರವಾಡಕ್ಕ ಹೋಗೂಮುಂದ ಕೂತಲ್ಲೇ ಮಾಡಿದ್ರ ಬಾಜೂದಾವ್ರಿಗೂ ಗೊತ್ತಾಗಂಗಿಲ್ಲ, ನವನಗರ ದಾಟೂದ್ರಾಗ ಒಂದು ಹೊತ್ತಿಂದು ಮುಗೀತೈತಿ. 2014ರಾಗ ಇಟಲಿದಾವ್ರು ಹುಟ್ಟಾ ಶೀಘ್ರಸ್ಖಲನ ಇದ್ದ 40 ಮಂದಿಗೆ ಫಿಸಿಯೋಥೆರಪಿ ಥರಾ ಇದನ್ನ ಮಾಡಿಸಿದ್ರು, 12 ವಾರದಾಗ 33 ಮಂದಿಗೆ ತಡಿಯೂ ಹಿಡತ ಬಂತು. ಸಣ್ಣ ಅಧ್ಯಯನ ಖರೇ, ಅವರ ಕಡೆ ಮಷಿನ್ನೂ ಇದ್ವು, ತರಬೇತಿ ಕೊಡಾವ್ರೂ ಇದ್ರು, ಹಂಗಾಗಿ ಮನ್ಯಾಗ ಅಷ್ಟ ಫಲ ಸಿಗತೈತಿ ಅಂತ ಹೇಳಾಂವ ಅಲ್ಲ ನಾ. ಆದ್ರ ಮೂರು ತಿಂಗಳ ಬಿಡಲಾರದ ಮಾಡಬೇಕು, ಎಂಟು ದಿವ್ಸಕ್ಕ ಬಿಟ್ಟು "ಏನೂ ಆಗ್ಲಿಲ್ರಿ" ಅನ್ನಾವ್ರ ಜಾಸ್ತಿ. ಒಂದು ಎಚ್ಚರಿಕೆ, ಕೆಲವ್ರಿಗೆ ಆ ಸ್ನಾಯು ಮೊದ್ಲ ಬಿಗಿ ಇರತೈತಿ, ಕೂತ್ರ ನೋವು, ವೀರ್ಯ ಹೋದಮ್ಯಾಲೆ ನೋವು, ಅಂಥಾವ್ರು ಇನ್ನ ಬಿಗಿಯೂದಲ್ಲ, ಸಡಲ ಬಿಡೂದು ಕಲೀಬೇಕು, ಅದಕ್ಕ ಫಿಸಿಯೋಥೆರಪಿದಾವ್ರನ್ನ ಕಾಣ್ರಿ.

ಕ್ರೀಮು ಮತ್ತ ಸ್ಪ್ರೇ ಬಗ್ಗೆ. ಲಿಡೊಕೇನ್ ಅನ್ನೂದು ಹಲ್ಲಿನ ಡಾಕ್ಟರು ಹಲ್ಲು ಕೀಳೂಮುಂದ ಚುಚ್ಚೂ ಮಂಪರಿನ ಔಷಧ, ಅದ ಸ್ಪ್ರೇ ರೂಪದಾಗ, ಇಲ್ಲಾ ಪ್ರಿಲೊಕೇನ್ ಜೋಡಿ ಕೂಡಿಸಿ ಕ್ರೀಮಿನ ರೂಪದಾಗ ಬರತೈತಿ. ತುದಿ ಮ್ಯಾಲೆ ಹಚ್ಚಿದ್ರ ಸ್ಪರ್ಶ ಸ್ವಲ್ಪ ಮಂದ ಆಗತೈತಿ, ತಡಾ ಆಗತೈತಿ, ಅಷ್ಟ. ಹೊಟ್ಟಿಗೆ ಹೋಗಂಗಿಲ್ಲ, ತಲಿ ತಿರಗಂಗಿಲ್ಲ, ಮೊದಲ್ನೇ ದಿವ್ಸದಿಂದ ಕೆಲಸಾ ಮಾಡತೈತಿ, ಅದಕ್ಕ ಔಷಧಾನ ಬೇಕು ಅನ್ನಾವ್ರಿಗೆ ಡಾಕ್ಟರು ಮೊದ್ಲ ತೋರಸೂ ದಾರಿಯೊಳಗ ಇದೂ ಒಂದು. ಕ್ರೀಮ್ ಆದ್ರ 20ರಿಂದ 30 ನಿಮಿಷ ಮೊದ್ಲ, ಸ್ಪ್ರೇ ಆದ್ರ ಇನ್ನೂ ಕಡಿಮಿ ಹೊತ್ತು, ಪ್ಯಾಕೆಟ್ ಮ್ಯಾಲೆ ಬರದಿರತೈತಿ ಓದ್ರಿ. ಆಮ್ಯಾಲೆ ತೊಳಕೊಳ್ಳೂದು, ಇಲ್ಲಾ ಕಾಂಡೋಮ್ ಹಾಕೂದು, ಎರಡರಾಗ ಒಂದು ಆಗಬೇಕು. ಇದನ್ನ ನಾ ಒತ್ತಿ ಹೇಳಾಕ ಕಾರಣ ಐತಿ. ಒಬ್ಬಾಂವ ಸ್ಪ್ರೇ ಒಯ್ದು ನಾಕು ದಿವ್ಸಕ್ಕ ತಿರುಗಿ ಬಂದ, "ಅಣ್ಣಾರ, ನಂಗೇನೋ ಛಲೋ ಆತು, ಮನಿಯಾಕಿಗೆ ಏನೂ ಗೊತ್ತಾಗವಲ್ದಂತ, ಜುಮ್ ಜುಮ್ ಅಂತೈತಂತ, ಅಂಜ್ಯಾಳ" ಅಂದ. ಅಂವ ತೊಳಕೊಂಡಿದ್ದಿಲ್ಲ, ಆಕಿಗೂ ಮಂಪರು ಹತ್ತಿತ್ತು. ಮುಖ್ಯ ಏನಂದ್ರ ಆಕಿಗೆ ಹೇಳದ ಹಚ್ಚಿದ್ದ. ಆಕಿ ಅಂಜಿದ್ದು ಸ್ಪ್ರೇಕ್ಕಲ್ಲ, ತನಗ ಏನೋ ರೋಗ ಬಂತು ಅಂತ. ಜಾಸ್ತಿ ಹೊಡಕೊಂಡ್ರ ನಿಮಗೂ ಪೂರ್ತಿ ಜೋಮು ಹಿಡದು ಗಟ್ಟಿತನಾನ ಹೋಗತೈತಿ, ಕಡಿಮಿಯಿಂದ ಶುರು ಮಾಡ್ರಿ. ಹಲ್ಲಿನ ಇಂಜೆಕ್ಷನ್ನಿಗೆ ಅಲರ್ಜಿ ಆದಾವ್ರು ಮುಟ್ಟಬ್ಯಾಡ್ರಿ.

ಕಾಂಡೋಮ್ ಸಸ್ತಾ ಉಪಾಯ. ದಪ್ಪಂದು ಬರತೈತಿ, ಒಳಗ ಬೆಂಜೊಕೇನ್ ಅನ್ನೋ ಮಂಪರಿನ ಔಷಧ ಸವರಿದ್ದೂ ಬರತೈತಿ, ಟೈಮ್ ಜಾಸ್ತಿ ಅಂತ ಡಬ್ಬಿ ಮ್ಯಾಲೆ ಬರದಿರತೈತಿ. ಒಂದೂವರಿ ಎರಡು ನಿಮಿಷದಾವ್ರಿಗೆ ಇಷ್ಟರಾಗ ಸಮಾಧಾನ ಆಗಬಹುದು. ಕೊಬ್ಬರಿ ಎಣ್ಣಿ ಜೋಡಿ ಮಾತ್ರ ಬ್ಯಾಡ, ರಬ್ಬರು ಹರೀತೈತಿ.

ಈಗ ಎಲ್ಲಾರೂ ಕೇಳೂ ಗುಳಿಗಿ, ಡಪಾಕ್ಸೆಟಿನ್. ಇದು ಬೇಕಾದಾಗ ಅಷ್ಟ ತಗೊಳ್ಳೂದು, ಒಂದರಿಂದ ಮೂರು ತಾಸು ಮೊದ್ಲ, 24 ತಾಸಿಗೆ ಒಂದಕ್ಕಿಂತ ಜಾಸ್ತಿ ಇಲ್ಲ. 30 ಮಿಲಿಗ್ರಾಂ, 60 ಮಿಲಿಗ್ರಾಂ ಎರಡು ಬರ್ತಾವು, ಶುರು ಮಾಡೂದು 30ರಿಂದ. 2009ರಾಗ ಮೊದ್ಲ ಸ್ವೀಡನ್ ಮತ್ತ ಫಿನ್‌ಲ್ಯಾಂಡಿನ್ಯಾಗ ಒಪ್ಪಿಗಿ ಸಿಕ್ತು, ನಮ್ಮ ದೇಶದಾಗ ಸಿಗತೈತಿ, ಅಮೆರಿಕಾದಾಗ ಇವತ್ತಿಗೂ ಒಪ್ಪಿಗಿ ಇಲ್ಲ. ಎಷ್ಟು ಉಪಯೋಗ? 2006ರಾಗ ಲ್ಯಾನ್ಸೆಟ್ ಪತ್ರಿಕ್ಯಾಗ ಬಂದ ದೊಡ್ಡ ಅಧ್ಯಯನದಾಗ ಒಂದು ನಿಮಿಷದ ಒಳಗಿದ್ದಾವ್ರು 12 ವಾರಕ್ಕ 30 ಮಿಲಿಗ್ರಾಂನ್ಯಾಗ 2.78 ನಿಮಿಷಕ್ಕ, 60ರಾಗ 3.32 ನಿಮಿಷಕ್ಕ ಬಂದ್ರು. ಅದ ಅಧ್ಯಯನದಾಗ ಔಷಧ ಇಲ್ಲದ ಖಾಲಿ ಗುಳಿಗಿ ನುಂಗಿದಾವ್ರೂ 1.75 ನಿಮಿಷಕ್ಕ ಬಂದ್ರು. ಈ ಮೂರು ಅಂಕಿ ನಾ ಒಂದು ಚೀಟ್ಯಾಗ ಬರದು ಕೌಂಟರಿನ ಗಾಜಿನ ಕೆಳಗ ಇಟ್ಟೇನಿ, ಕೇಳಿದಾವ್ರಿಗೆಲ್ಲಾ ತೋರಸ್ತೀನಿ. ಗುಳಿಗಿ ತಗೊಂಡ್ರ ತಾಸುಗಟ್ಲೆ ನಡೀತೈತಿ ಅನ್ನೂದು ಸುಳ್ಳು, ಒಂದಿದ್ದದ್ದು ಮೂರಾಗತೈತಿ, ಹುಟ್ಟಾ ತ್ರಾಸು ಇದ್ದಾಂವಂಗ ಅದು ಭಾಳ ದೊಡ್ಡದು, ನಾಕೈದು ನಿಮಿಷದಾವ್ರಿಗೆ ಅದರಿಂದ ಏನೂ ಬರೂದಿಲ್ಲ. ಇನ್ನೊಂದು ಏನಂದ್ರ, ಖಾಲಿ ಗುಳಿಗೀನ ಅಷ್ಟು ಕೆಲಸಾ ಮಾಡೇತಿ ಅಂದ್ರ ಮನಸ್ಸಿನ ಧೈರ್ಯಕ್ಕ ಎಷ್ಟು ಕಿಮ್ಮತ್ತು ಐತಿ ನೋಡ್ರಿ.

ಡಪಾಕ್ಸೆಟಿನ್ ತಗೊಂಡ್ರ ಹೊಟ್ಟಿ ತೊಳಸೂದು, ತಲಿಶೂಲಿ, ತಲಿ ತಿರಗೂದು, ಭೇದಿ ಆಗಬಹುದು. ಕೆಲವ್ರಿಗೆ ಎದ್ದು ನಿಂತಕೂಡ್ಲೆ ಕಣ್ಣಿಗೆ ಕತ್ತಲಿ ಬಂದು ಬಿದ್ದಬಿಡ್ತಾರ, ಅದಕ್ಕ ಒಂದು ದೊಡ್ಡ ಗ್ಲಾಸ್ ನೀರಿನ ಜೋಡಿ ತಗೋಬೇಕು, ಎದಿ ರೋಗ ಇದ್ದಾವ್ರು ತಗೋಬಾರದು, ಡಾಕ್ಟರು ಮಲಗಿಸಿ ನಿಲ್ಲಿಸಿ ಬಿಪಿ ನೋಡಿ ಬರಕೊಡೂದು ಇದಕ್ಕ. ಶೆರೆ ಕುಡದು ತಗೊಳ್ಳಾಕ ಹೋಗಬ್ಯಾಡ್ರಿ, ಎರಡೂ ಕೂಡಿದ್ರ ಬೀಳೂ ಅಪಾಯ ಜಾಸ್ತಿ. ಮಾನಸಿಕ ಖಿನ್ನತಿಗೆ ಗುಳಿಗಿ ತಗೊಳ್ಳಾಕತ್ತಿದ್ರ ಡಾಕ್ಟರಿಗೆ ಹೇಳಲಾರದ ಇದನ್ನ ಕೂಡಿಸಬಾರದು.

ಮಾರ್ಕೆಟ್ಟಿನ್ಯಾಗ ಡಪಾಕ್ಸೆಟಿನ್ ಜೋಡಿ ಗಟ್ಟಿತನಕ್ಕ ಕೊಡೂ ಸಿಲ್ಡೆನಾಫಿಲ್ ಕೂಡಿಸಿದ ಗುಳಿಗಿ ಜಾಸ್ತಿ ಓಡತೈತಿ, ಎರಡೂ ತ್ರಾಸು ಇದ್ದಾವ್ರಿಗೆ ಡಾಕ್ಟರು ಬರದು ಕೊಡೂದು ಬ್ಯಾರೆ, ಗೆಳೆಯಾ ಕೊಟ್ಟ ಅಂತ ನುಂಗೂದು ಬ್ಯಾರೆ. ಎದಿನೋವಿಗೆ ನಾಲಿಗಿ ಕೆಳಗ ಇಡೂ ಸಾರ್ಬಿಟ್ರೇಟ್ ಅಂಥಾ ನೈಟ್ರೇಟ್ ಔಷಧಾ ತಗೊಳ್ಳಾವ್ರು ಸಿಲ್ಡೆನಾಫಿಲ್ ನುಂಗಿದ್ರ ಬಿಪಿ ಒಮ್ಮಿಂದೊಮ್ಮೆಲೆ ಇಳಿದು ಜೀವಾನ ಹೋಗಬಹುದು. ನಾ ಇದನ್ನ ಅಂಜಸಾಕ ಬರಿಯಾಕತ್ತಿಲ್ಲ, ಐವತ್ತು ದಾಟಿದ ಕಾಕಾಗೋಳು ಮಗನ ವಯಸ್ಸಿನ ಹುಡುಗನ ಕೈಲೆ ತರಿಸಿಕೊಂಡು ನುಂಗ್ತಾರ, ಆ ಹುಡುಗಗ ಕಾಕಾನ ಎದಿ ಸುದ್ದಿ ಗೊತ್ತಿರಂಗಿಲ್ಲ, ನನಗಂತೂ ಗೊತ್ತಾಗೂದ ಇಲ್ಲ.

ದಿನಾ ತಗೊಳ್ಳೂ ಗುಳಿಗಿ ಬ್ಯಾರೆ ಅದಾವು. ಪ್ಯಾರಾಕ್ಸೆಟಿನ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಹಳೇದೊಂದು ಕ್ಲೋಮಿಪ್ರಮಿನ್. ಇವು ಖರೇ ಅಂದ್ರ ಖಿನ್ನತಿ, ಆತಂಕದ ಔಷಧ, ತಡಾ ಆಗೂದು ಇವುಗಳ ಅಡ್ಡಪರಿಣಾಮ, ಆ ಅಡ್ಡಪರಿಣಾಮಾನ ಇಲ್ಲಿ ಉಪಯೋಗ ಮಾಡ್ಕೋತಾರ. ಈ ಗುಂಪಿನ್ಯಾಗ ಪ್ಯಾರಾಕ್ಸೆಟಿನ್ ಹೆಚ್ಚು ತಡೀತೈತಿ. ಒಂದೆರಡು ವಾರಕ್ಕ ಗೊತ್ತಾಗಾಕ ಶುರು ಆಗತೈತಿ, ದಿನಾ ತಗೋಬೇಕು, ಗಡಿಯಾರ ನೋಡಿ ಕಾಯೂದು ಇರಂಗಿಲ್ಲ, ಅದು ಇದರ ದೊಡ್ಡ ಅನುಕೂಲ. ಹುಟ್ಟಾ ತ್ರಾಸು ಇದ್ದು ವಾರದಾಗ ಎರಡು ಮೂರು ಸಲ ಕೂಡೂ ಜೋಡಿಗೆ ಡಪಾಕ್ಸೆಟಿನ್‌ಗಿಂತ ಇದ ಹೊಂದತೈತಿ, ಖರ್ಚೂ ಕಡಿಮಿ ಬೀಳತೈತಿ. ಆದ್ರ ಆಕಳಿಕಿ, ನಿದ್ದಿಗಣ್ಣು, ಬಾಯಿ ಒಣಗೂದು, ಕೆಲವ್ರಿಗೆ ಆಸೆನ ಕಡಿಮಿ ಆಗೂದು ಇರತೈತಿ. ತಾವ ಒಮ್ಮೆಲೆ ಬಿಟ್ರ ತಲಿ ತಿರಗೂದು, ಸಿಟ್ಟು, ಮೈಯಾಗ ಕರೆಂಟ್ ಹೊಡದಂಗ ಆಗೂದು ಆಗತೈತಿ, ಡಾಕ್ಟರು ಹೇಳಿದಂಗ ನಿಧಾನ ಇಳಿಸಬೇಕು. ಕೂಸಿಗೆ ಪ್ರಯತ್ನ ಮಾಡಾಕತ್ತಾವ್ರು ಮೊದ್ಲ ಡಾಕ್ಟರಿಗೆ ಹೇಳ್ರಿ, ವೀರ್ಯಾಣು ಮ್ಯಾಲೆ ಪರಿಣಾಮ ಆಗೂ ಸಾಧ್ಯತೆ ಐತಿ. ಹದಿನೆಂಟು ಇಪ್ಪತ್ತರ ಹುಡುಗರಿಗೆ ಈ ಔಷಧದಿಂದ ಆತ್ಮಹತ್ಯೆ ವಿಚಾರ ಬರೂ ಅಪಾಯ ಇರತೈತಿ ಅಂತ ಎಚ್ಚರಿಕೆ ಐತಿ, ಚೀಟಿ ಇಲ್ಲದ ಮುಟ್ಟೂ ಔಷಧ ಅಲ್ಲ ಇದು.

ಮುಟ್ಟಬಾರದ್ದು ಏನು ಅಂದ್ರ, ಒಂದು ಟ್ರಮಡಾಲ್. ನೋವಿನ ಗುಳಿಗಿ, ತಡಾ ಮಾಡತೈತಿ ಖರೇ, ಆದ್ರ ಚಟ ಹಿಡೀತೈತಿ, 2018ರಾಗ ಸರಕಾರ ಅದನ್ನ ಮಾದಕ ವಸ್ತು ಕಾಯ್ದೆದಾಗ ಸೇರಿಸೇತಿ. ಎರಡನೇದು ನರ ಕತ್ತರಿಸೂ ಆಪರೇಷನ್ನು, ತುದಿಗೆ ಜೆಲ್ ಚುಚ್ಚೂದು, ಒಮ್ಮೆ ಜೋಮು ಹಿಡದ್ರ ಸ್ಪರ್ಶ ತಿರುಗಿ ಬರದ ಇರಬಹುದು, ಯಾರರ ಹೇಳಿದ್ರ ಎದ್ದು ಬರ್ರಿ. ಮೂರನೇದು ಲಾಡ್ಜಿನ ವೈದ್ಯರು.

ಇದರ ಬಗ್ಗೆ ಸ್ವಲ್ಪ ಹೇಳಲಿಕ್ಕ ಬೇಕು. ಗದಗ ಕಡೆಯ ಒಬ್ಬ ರೈತ, ಮೂವತ್ತೈದರ ಒಳಗಿನಾಂವ, ಪ್ಲಾಸ್ಟಿಕ್ ಚೀಲದಾಗ ಮೂರು ಡಬ್ಬಿ ತಂದು ಕೌಂಟರ್ ಮ್ಯಾಲೆ ಇಟ್ಟ. ಒಂದರಾಗ ಕರೀ ಲೇಹ್ಯ, ಒಂದರಾಗ ಬೂದಿ ಬಣ್ಣದ ಪುಡಿ, ಒಂದರಾಗ ಎಣ್ಣಿ, ಯಾವುದರ ಮ್ಯಾಲೂ ಹೆಸರಿಲ್ಲ, ತಯಾರಿ ತಾರೀಖಿಲ್ಲ, ಲೈಸೆನ್ಸ್ ನಂಬರಿಲ್ಲ. ಆ ವರ್ಷದ ಹೆಸರಕಾಳು ಮಾರಿದ ರೊಕ್ಕಾ ಅಷ್ಟೂ ಅದರಾಗ ಹೋಗಿತ್ತು. "ನಾಕು ತಿಂಗಳ ತಗೊಂಡ್ಯಾ ಅಣ್ಣಾರ, ಮೊದಮೊದಲ ಛಲೋ ಆಗಿತ್ತು, ಈಗ ತಲಿ ಭಾಳ ನೋಯ್ತೈತಿ, ಮುಖ ಬಿಸಿ ಆಗತೈತಿ" ಅಂದ. ಅದರಾಗ ಏನಿತ್ತು ನಾ ಹೇಳಾಕ ಬರಂಗಿಲ್ಲ, ಆದ್ರ ಗಿಡಮೂಲಿಕಿ ಅಂತ ಮಾರೂ ಇಂಥಾ ಪುಡಿಯೊಳಗ ಸಿಲ್ಡೆನಾಫಿಲ್ ಬೆರಸಿದ್ದು ಬ್ಯಾರೆ ಬ್ಯಾರೆ ದೇಶದ ಸರಕಾರಿ ತಪಾಸಣ್ಯಾಗ ಎಷ್ಟೋ ಸಲ ಸಿಕ್ಕೈತಿ, ತಲಿನೋವು ಮತ್ತ ಮುಖ ಬಿಸಿ ಆಗೂದು ಅದರ ಗುರುತ. ನಾ ಆಯುರ್ವೇದಕ್ಕ ವಿರುದ್ಧ ಅಲ್ಲ, ಓದಿ ಪದವಿ ಪಡದ ವೈದ್ಯರು ಅದಾರ, ಅವರು ಚೀಟಿ ಬರೀತಾರ, ಹೆಸರು ಹೇಳ್ತಾರ. ಗೋಡಿ ಮ್ಯಾಲೆ ಗುಪ್ತರೋಗ ಅಂತ ಬರಸಿ, ಎರಡು ದಿವ್ಸ ಲಾಡ್ಜಿಗೆ ಬಂದು ಮೂರನೇ ದಿವ್ಸ ಊರು ಬಿಡಾವ್ರ ಸುದ್ದಿ ಬ್ಯಾರೆ. ಲೈಂಗಿಕ ಶಕ್ತಿ ಹೆಚ್ಚಿಗಿ ಮಾಡ್ತೀನಿ ಅಂತ ಔಷಧಕ್ಕ ಜಾಹೀರಾತು ಕೊಡೂದು 1954ರ ಕಾಯ್ದೆ ಪ್ರಕಾರ ಗುನ್ನೆ. ಗೋಡಿ ಮ್ಯಾಲಿನ ಆ ಅಕ್ಷರಾನ ಕಾನೂನು ಮುರದಂಗ, ಮುಂದಿನ ಔಷಧಾ ಹೆಂಗ ನಂಬ್ತೀರಿ.

ಇವರ ದಂಧೆ ನಡಿಯೂದು ಒಂದ ಸುಳ್ಳಿನ ಮ್ಯಾಲೆ, ವೀರ್ಯ ಹೋದ್ರ ಶಕ್ತಿ ಹೋಗತೈತಿ, ಸಣ್ಣಾವಿದ್ದಾಗ ಕೈಲೆ ಮಾಡ್ಕೊಂಡದ್ದರಿಂದ ಹಿಂಗಾತು ಅನ್ನೂದು. ಹಸ್ತಮೈಥುನದಿಂದ ನರ ಸತ್ತು ಶೀಘ್ರಸ್ಖಲನ ಬರಂಗಿಲ್ಲ. ಧಾತು ಹೋಗತೈತಿ ಅಂತ ಕೊರಗೂದು ನಮ್ಮ ದೇಶದಾಗ ಎಷ್ಟು ಸಾಮಾನ್ಯ ಅಂದ್ರ ಡಾ. ಎನ್. ಎನ್. ವಿಗ್ ಅನ್ನೋ ಮನೋವೈದ್ಯರು 1960ರಾಗ ಅದಕ್ಕ ಧಾತ್ ಸಿಂಡ್ರೋಮ್ ಅಂತ ಹೆಸರ ಇಟ್ರು. ಆ ಕೊರಗ ಕೆಲವ್ರಿಗೆ ಶೀಘ್ರಸ್ಖಲನಕ್ಕಿಂತ ದೊಡ್ಡ ರೋಗ.

ಕೌನ್ಸೆಲಿಂಗ್ ಅಂದ್ರ ಮಂದಿ "ನನಗ ಹುಚ್ಚು ಹಿಡದಿಲ್ಲ" ಅಂತಾರ. ಹಂಗಲ್ಲ ಅದು. ಒಂದು ಸಲ ಲಗೂನ ಆಗತೈತಿ, ಮುಂದಿನ ಸಲ ಮತ್ತ ಹಂಗ ಆದ್ರ ಹೆಂಗ ಅಂತ ಅಂಜಿಕಿ, ಅಂಜಿಕಿಗೆ ಇನ್ನೂ ಲಗೂ, ಆಮ್ಯಾಲೆ ಅಂವ ರಾತ್ರಿ ತಡಾ ಮಾಡಿ ಮನಿಗೆ ಬರೂದು, ಮೊಬೈಲ್ ಹಿಡದು ಮಲಗೂದು, ಆಕಿಗೆ "ನಾ ಬ್ಯಾಡಾದ್ನೇನೋ" ಅನಸೂದು. ಈ ಸುತ್ತು ಬಿಡಸೂ ಕೆಲಸಾ ಗುಳಿಗಿಲೆ ಆಗಂಗಿಲ್ಲ. ಇಬ್ಬರನ್ನೂ ಕೂಡಿಸಿ ಮಾತಾಡಿದ್ರ, ಜೋಡಿಗೆ ಔಷಧಾನೂ ಕೊಟ್ರ, ಬರೇ ಔಷಧಕ್ಕಿಂತ ಫಲ ಛಲೋ. ನಿಧಾನ ಖರೇ, ಆರೇಳು ಸಲ ಹೋಗಬೇಕಾಗತೈತಿ, ಆದ್ರ ಔಷಧ ಬಿಟ್ಟಮ್ಯಾಲೂ ಉಳಿಯೂ ಉಪಾಯ ಅಂದ್ರ ಇದು ಮತ್ತ ವ್ಯಾಯಾಮ, ಎರಡ.

ಹೆಂಡ್ತಿಗೆ ಹೆಂಗ ಹೇಳೂದು ಅಂತ ಕೇಳ್ತಾರ. ಹಾಸಗಿ ಮ್ಯಾಲೆ, ಆದಕೂಡ್ಲೆ ಹೇಳಬ್ಯಾಡ್ರಿ. ಚಹಾ ಕುಡಿಯೂಮುಂದ, ಇಲ್ಲಾ ಸಂಜಿಕೆ ಉಣಕಲ್ ಕೆರಿ ದಂಡಿಗೆ ಅಡ್ಡಾಡಾಕ ಹೋದಾಗ "ನನಗ ತಡ್ಕೊಳ್ಳಾಕ ಆಗವಲ್ದು, ನಿಂದೇನೂ ತಪ್ಪಿಲ್ಲ, ಡಾಕ್ಟರಿಗೆ ತೋರಸ್ತೀನಿ, ನೀ ಜೋಡಿ ಇರು" ಇಷ್ಟ ಸಾಕು. ಒಬ್ಬಾಂವ ಹಿಂಗ ಹೇಳಿದ್ದಕ್ಕ ಆಕಿ "ಇಷ್ಟ ಏನ್ರೀ, ನಾ ಬ್ಯಾರೆ ಯಾರೋ ಅದಾರೇನೋ ಅಂತ ಎರಡು ವರ್ಷದಿಂದ ಅಳಾಕತ್ತೀನಿ" ಅಂದ್ಳಂತ. ಮತ್ತ ಕೂಡೂದೊಂದ ಸುಖ ಅಲ್ಲ, ಎಷ್ಟೋ ಹೆಣ್ಮಕ್ಳಿಗೆ ಕೈಲೆ, ಮುದ್ದಲೆ ಆಗೂ ಸಮಾಧಾನ ಬರೇ ಒಳಗ ಸೇರೂದ್ರಿಂದ ಆಗಂಗಿಲ್ಲ, ಆಕಿಗೆ ಏನು ಬೇಕು ಅನ್ನೂದನ್ನ ಕೇಳಿದ್ರ ಗಡಿಯಾರದ ಅಂಜಿಕಿ ಅರ್ಧಾ ಇಳೀತೈತಿ.

ಹಂಗಾದ್ರ ಆರಿಸೂದು ಹೆಂಗ? ಹೊಸದಾಗಿ ಮದುವಿ ಆಗಿ ಎರಡು ಮೂರು ತಿಂಗಳಾಗಿದ್ರ ಏನೂ ತಗೋಬ್ಯಾಡ್ರಿ, ನಿಲ್ಲಿಸಿ ನಿಲ್ಲಿಸಿ ಮಾಡೂದು ಕಲೀರಿ, ದೇಹಕ್ಕ ರೂಢಿ ಆಗ್ಲಿ. ಹುಟ್ಟಾ ಒಂದು ನಿಮಿಷದ ಒಳಗಿನಾವ್ರು ನಾಚಬ್ಯಾಡ್ರಿ, ನಿಮಗ ಔಷಧಾ ಬೇಕಾಗತೈತಿ, ಅಪರೂಪಕ್ಕ ಕೂಡೂದಿದ್ರ ಸ್ಪ್ರೇ ಇಲ್ಲಾ ಡಪಾಕ್ಸೆಟಿನ್, ವಾರದಾಗ ಎರಡು ಮೂರು ಸಲ ಇಲ್ಲಾ ಜಾಸ್ತಿ ಇದ್ರ ದಿನದ ಗುಳಿಗಿ ಬಗ್ಗೆ ಡಾಕ್ಟರ್ ಜೋಡಿ ಮಾತಾಡ್ರಿ, ಯಾವುದ ತಗೊಂಡ್ರೂ ವ್ಯಾಯಾಮ ಜೋಡಿಗಿರ್ಲಿ. ದಿನದ ಗುಳಿಗಿ ಭಯ ಅನ್ನಾವ್ರು, ಬಿಪಿ ಲೋ ಇದ್ದಾವ್ರು, ಡ್ರೈವಿಂಗ್ ಕೆಲಸದಾವ್ರು ಸ್ಪ್ರೇ ಕಡೆ ಹೋಗ್ರಿ, ಲಾರಿ ಹೊಡಿಯಾಂವ ನಿದ್ದಿಗಣ್ಣಿನ ಗುಳಿಗಿ ನುಂಗಿ ಪೂನಾ ರೋಡಿಗೆ ಹೋಗೂದು ಬ್ಯಾಡ. ನಡುವ ಬಂದಾವ್ರು ಮೊದ್ಲ ಶುಗರ್, ಥೈರಾಯ್ಡ್, ಬಿಪಿ ಮಾಡಿಸ್ರಿ. ಜಗಳ, ಸಾಲ, ನೌಕರಿ ಚಿಂತಿ ಆದಮ್ಯಾಲೆ ಶುರು ಆಗಿದ್ರ ಕೌನ್ಸೆಲಿಂಗ್ ಮೊದ್ಲ.

ಎಲ್ಲಿಗೆ ಹೋಗೂದು ಅಂದ್ರ, ಸರಕಾರಿ ದವಾಖಾನಿ ಹುಬ್ಬಳ್ಳ್ಯಾಗ ಕಿಮ್ಸ್ (ಈಗ ಕೆಎಂಸಿಆರ್‌ಐ) ಐತಿ, ಗದಗದಾಗ ಜಿಮ್ಸ್, ಹಾವೇರ್ಯಾಗ ಹಿಮ್ಸ್, ಧಾರವಾಡದಾಗ ಮನೋರೋಗಕ್ಕಂತಾನ ಇರೋ ಡಿಮ್ಹಾನ್ಸ್. ಸರಕಾರಿ ಮೆಡಿಕಲ್ ಕಾಲೇಜಿನ ದವಾಖಾನ್ಯಾಗ ಚರ್ಮ ಮತ್ತ ಲೈಂಗಿಕ ರೋಗದ ವಿಭಾಗ, ಮನೋರೋಗ ವಿಭಾಗ ಎರಡೂ ಇರ್ತಾವು. ಮುಖಾ ತೋರಸಾಕ ಆಗೂದ ಇಲ್ಲ ಅನ್ನಾವ್ರು 14416ಕ್ಕ ಫೋನ್ ಮಾಡ್ರಿ, ಅದು 2022ರ ಅಕ್ಟೋಬರ್‌ದಾಗ ಶುರು ಆದ ಸರಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ರೊಕ್ಕಾ ಇಲ್ಲ, ಕನ್ನಡದಾಗ ಮಾತಾಡ್ತಾರ. ಚೀಟಿ ಮಾಡಸೂ ಕೌಂಟರಿನ್ಯಾಗ ಜನರ ಮುಂದ ಎಲ್ಲಾ ಬಿಡಿಸಿ ಹೇಳೂ ಕಾರಣ ಇಲ್ಲ, "ಚರ್ಮದ ವಿಭಾಗಕ್ಕ ಕೊಡ್ರಿ" ಅಂದ್ರ ಸಾಕು. ಒಳಗ ಹೋಗಿ ಡಾಕ್ಟರ್ ಮುಂದ ಹೇಳಬೇಕಾದದ್ದು ನಾಕ ಮಾತು: ಎಷ್ಟು ನಿಮಿಷ, ಯಾವಾಗಿಂದ, ಗಟ್ಟಿತನ ಹೆಂಗೈತಿ, ಈಗ ಏನೇನು ಗುಳಿಗಿ ತಗೋತೀರಿ. ಬಾಯಿ ಬರಲಿಲ್ಲ ಅಂದ್ರ ಚೀಟ್ಯಾಗ ಬರಕೊಂಡು ಹೋಗಿ ಟೇಬಲ್ ಮ್ಯಾಲೆ ಇಡ್ರಿ. ಬಸ್ ಟಿಕೀಟು ಮಡಚ್ಕೋತ ನಿಂತಿದ್ದ ಆ ಹುಡುಗಗ ನಾ ನಮ್ಮ ಬಿಲ್ ಪುಸ್ತಕದ ಹಿಂದಿನ ಹಾಳಿ ಹರದು ಆ ನಾಕು ಪ್ರಶ್ನೆ ಬರದು ಕೊಟ್ಟೆ, ಅಂವ ಅಲ್ಲೇ ನನ್ನ ಪೆನ್ನಲೆ ಉತ್ತರಾ ಬರದು, ಮಡಚಿ ಕಿಸೆದಾಗ ಇಟ್ಕೊಂಡು, ಕೆಮ್ಮಿನ ಔಷಧಾ ಕೌಂಟರ್ ಮ್ಯಾಲೇನ ಬಿಟ್ಟು ಹೋದ.